ಅಮ್ಮ ಕನ್ನಡ ಯಾವಾಗ ಕಲಿತರು ಅಂತ ಕೇಳಿದೆಯಲ್ಲ

ಅಮ್ಮನ ಉತ್ತರಕ್ರಿಯೆಯ ಕಾಗದ ಕಳಿಸಿದಾಗ ನೀನು ಕೇಳಿದ್ದು ಒಂದೇ ಪ್ರಶ್ನೆ. "ಕಾಗದ ಕನ್ನಡದಲ್ಲಿದೆಯಲ್ಲ, ನಿಮ್ಮಮ್ಮ ಕೇರಳದವರಲ್ವಾ? ಕನ್ನಡ ಯಾವಾಗ ಕಲಿತರು?" ಆ ದಿನ ನನಗೆ ಉತ್ತರ ಕೊಡುವ ಮನಸ್ಸಿರಲಿಲ್ಲ ಮಾರಾಯ. ಇವತ್ತು ಹೇಳುತ್ತೇನೆ.

ಅಮ್ಮ ಹುಟ್ಟಿದ್ದು 1946ರಲ್ಲಿ. ಆಗ ನಮ್ಮ ಊರು ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅವರು ಐದನೇ ಕ್ಲಾಸಿನಲ್ಲಿದ್ದಾಗ, 1956ರ ನವೆಂಬರ್ 1ಕ್ಕೆ, ಊರು ಕೇರಳಕ್ಕೆ ಹೋಯಿತು. ಶಾಲೆ ಅದೇ, ಮಾಸ್ಟ್ರು ಅದೇ, ಪಾಠ ಕನ್ನಡದಲ್ಲೇ. ಆಮೇಲೆ ನಾವು ಮಕ್ಕಳು ಹುಟ್ಟುವಾಗ ಊರು ಕಣ್ಣೂರು ಜಿಲ್ಲೆಯಲ್ಲಿತ್ತು. 1984ರಲ್ಲಿ ಕಾಸರಗೋಡೇ ಒಂದು ಜಿಲ್ಲೆಯಾಯಿತು. ಅಮ್ಮ ನಮ್ಮನ್ನೂ ಮೊಮ್ಮಕ್ಕಳನ್ನೂ ತೂಗಿದ ತೊಟ್ಟಿಲು ಮಾತ್ರ ಅದೇ ಚಾವಡಿಯ ಅದೇ ಕೊಂಡಿಯಲ್ಲಿ ನೇತಾಡುತ್ತಿತ್ತು.

ಮನೆಯಲ್ಲಿ ತುಳು, ಓದಿಗೆ ಲೆಕ್ಕಕ್ಕೆ ಕನ್ನಡ, ಬಸ್ಸಿನಲ್ಲಿ ಮಲಯಾಳ, ಮೀನಿನವರ ಹತ್ತಿರ ಬ್ಯಾರಿ. ಇದನ್ನು ಹೊರಗಿನವರು ದೊಡ್ಡ ವಿಷಯ ಅಂತಾರೆ. ನಮಗೆ ಇದರಲ್ಲಿ ಹೇಳುವಂಥದ್ದೇನೂ ಇಲ್ಲ. ಆದರೆ ಅಮ್ಮನ ಅಡಿಕೆ ಲೆಕ್ಕದ ಪುಸ್ತಕ ನೀನು ನೋಡಬೇಕಿತ್ತು. ದುಂಡಗಿನ ಕನ್ನಡ ಅಕ್ಷರ, ಒಂದು ಚಿತ್ತಿಲ್ಲ. ಮನೆ ಹಿಂದಿನ ಗುಡ್ಡದಲ್ಲಿ ಮುರಕಲ್ಲು ಕೊರೆದು ಅಡ್ಡಕ್ಕೆ ತೋಡಿದ ಸುರಂಗ ಇದೆ, ಅದರ ನೀರೇ ನಮಗೆ ಈಗಲೂ. ಯಾವ ತಿಂಗಳು ನೀರು ಎಷ್ಟು ಸಣ್ಣಗಾಯಿತು ಅಂತ ಅಮ್ಮ ಅದೇ ಪುಸ್ತಕದ ಅಂಚಿನಲ್ಲಿ ಬರೆದಿಡುತ್ತಿದ್ದರು. ಈ ಬೇಸಿಗೆಯಲ್ಲಿ ನೀರು ಇಳಿದಾಗ ನಾನು ಗುಡ್ಡಕ್ಕೆ ಹೋಗುವ ಮೊದಲು ಆ ಪುಸ್ತಕ ತೆಗೆದೆ.

ಇನ್ನು ನಮ್ಮ ನಿಜವಾದ ಗೋಳು. ಅದು ಹೆಸರಿನದ್ದು.

ಶಾಲೆಯ ದಾಖಲೆಯಲ್ಲೂ ಹಳೆಯ ಜಾಗದ ಪತ್ರದಲ್ಲೂ ಅಮ್ಮನ ಹೆಸರಿನ ಮುಂದೆ 'ಶೆಡ್ತಿ' ಅಂತಿದೆ, ಕನ್ನಡದಲ್ಲಿ. ನಮ್ಮಲ್ಲಿ ಗಂಡಸರಿಗೆ ಶೆಟ್ಟಿ ಅಂತ, ಹಿಂದಿನ ಕಾಲದ ಹೆಂಗಸರಿಗೆ ಶೆಡ್ತಿ ಅಂತ ಬರೆಯುವುದು. ಅಳಿಯಸಂತಾನದ ಮನೆ ನಮ್ಮದು, ಆಸ್ತಿ ತಾಯಿಯ ಕಡೆಯಿಂದ ಬರುವುದು; ಜಾಗ ಅಜ್ಜಿಯಿಂದ ಅಮ್ಮನಿಗೆ ಬಂದದ್ದು, ಹಾಗಾಗಿ ಎಲ್ಲ ಕಾಗದ ಅವರ ಹೆಸರಲ್ಲೇ. ಆಧಾರ್ ಮಾಡಿಸುವಾಗ ಕಂಪ್ಯೂಟರ್ ಎದುರು ಕೂತ ಹುಡುಗ 'ಶೆಟ್ಟಿ' ಅಂತ ಹೊಡೆದ. 2017ರಲ್ಲಿ ಹೊಸ ರೇಶನ್ ಕಾರ್ಡ್ ಬಂತು. ಮನೆಯ ಹಿರಿಯ ಹೆಂಗಸಿನ ಹೆಸರಲ್ಲೇ ಕಾರ್ಡ್, ಅಮ್ಮನಿಗೆ ಅದು ಎಷ್ಟು ಖುಷಿ ಗೊತ್ತಾ! ಬರೆದವರು ಕಿವಿಗೆ ಬಿದ್ದಂತೆ ಮಲಯಾಳದಲ್ಲಿ 'ಚೆಟ್ಟಿಚ್ಚಿ' ಅಂತ ಬರೆದಿದ್ದರು. ನಮಗೆ ಗೊತ್ತೇ ಆಗಲಿಲ್ಲ, ಯಾಕೆಂದರೆ ನಾವು ಯಾರೂ ಅದನ್ನು ಸರಿಯಾಗಿ ಓದುವವರಲ್ಲ. ಚೆಟ್ಟಿ ಅಂದರೆ ಬೇರೆಯೇ ಸಮುದಾಯ.

ಕಂಡುಹಿಡಿದದ್ದು ಅಮ್ಮನೇ. ಅದೇ ವರ್ಷ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಅಂತ ಕೇರಳದಲ್ಲಿ ಕಾನೂನು ಬಂತು. ನನ್ನ ಮಗಳು ಆಗ ಮೂರನೇ ಕ್ಲಾಸು, ಕನ್ನಡ ಮೀಡಿಯಂ. ಅವಳು ಅಳುತ್ತಾ ಬಂದಳು. ನಾವು ದೊಡ್ಡವರು ಬೈದೆವು, ಕಾಗದ ಬರೆದೆವು, ಮೀಟಿಂಗಿಗೆ ಹೋದೆವು. ಕನ್ನಡ ಶಾಲೆಗೆ ಬಂದ ಮಗುವಿನ ಮೇಲೆ ಹೀಗೆ ಹೇರಬಾರದು ಅಂತ ನಾನು ಇವತ್ತಿಗೂ ಹೇಳುತ್ತೇನೆ. ಅಮ್ಮನೂ ಅದನ್ನೇ ಹೇಳುತ್ತಿದ್ದರು. ಆದರೆ ಸಂಜೆ ದೀಪ ಹಚ್ಚಿದ ಮೇಲೆ, 71ನೇ ವಯಸ್ಸಿನಲ್ಲಿ, ಮೊಮ್ಮಗಳ ಪಕ್ಕ ಕನ್ನಡಕ ಹಾಕಿಕೊಂಡು ಕೂತರು. ಅವಳು ಒಂದಕ್ಷರ ಬರೆದರೆ ಇವರೂ ಒಂದಕ್ಷರ. ಮಗುವಿನ ಅಳು ನಿಂತಿತು. ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮ ಬಸ್ಸಿನ ಬೋರ್ಡು ಓದುತ್ತಿದ್ದರು. ಒಂದು ದಿನ ರೇಶನ್ ಕಾರ್ಡ್ ತೆಗೆದು ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿ, "ಇದು ನಾನಲ್ಲ" ಅಂದರು.

ತಿದ್ದಿಸಲು ಎಷ್ಟು ಸಲ ಹೋದೆವು ಅಂತ ಲೆಕ್ಕ ಇಲ್ಲ. ಅರ್ಜಿಯ ಫಾರಂ ಕನ್ನಡದಲ್ಲೂ ಸಿಗಬೇಕು, ಕೇಳಿದರೆ ಮುಗಿದಿದೆ ಅನ್ನುತ್ತಿದ್ದರು. ಕನ್ನಡ ಗೊತ್ತಿರುವವರು ಇರಬೇಕು, ಅವರು ರಜೆ. ಶೆಡ್ತಿ, ಶೆಟ್ಟಿ, ಚೆಟ್ಟಿಚ್ಚಿ ಮೂವರೂ ಒಬ್ಬರೇ ಅಂತ ಪ್ರಮಾಣಪತ್ರ ತನ್ನಿ ಅಂದರು. ಅದಕ್ಕೆ ಹಳೆಯ ಪತ್ರದ ಮಲಯಾಳ ಅನುವಾದ ಬೇಕು ಅಂದರು. ಅಮ್ಮ ಪ್ರತಿ ಸಲ ಇಸ್ತ್ರಿ ಹಾಕಿದ ಸೀರೆ ಉಟ್ಟು ಬರುತ್ತಿದ್ದರು. ತಾನು ತಾನೇ ಅಂತ ಹೇಳಲು ವಯಸ್ಸಾದವರು ಯಾಕೆ ಅಷ್ಟು ಮೆಟ್ಟಿಲು ಹತ್ತಬೇಕು, ಹೇಳು.

ಹಾಗಂತ ಗಡಿಯ ಆ ಕಡೆಯ ಕರ್ನಾಟಕದವರು ಅಪ್ಪಿಕೊಂಡರು ಅಂದುಕೊಳ್ಳಬೇಡ. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಲಿ ಅಂತ ಗಡಿ ವಿವಾದ ನೋಡಿದ ಮಹಾಜನ ಆಯೋಗದ ವರದಿ 1967ರಲ್ಲೇ ಹೇಳಿತ್ತು. ಅದು ಅಲ್ಲೇ ಉಳಿಯಿತು. 2020ರ ಮಾರ್ಚಿನಲ್ಲಿ ಕೊರೋನಾ ಅಂತ ಕರ್ನಾಟಕದವರು ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ನಮಗೆ ದೊಡ್ಡಾಸ್ಪತ್ರೆ ಅಂದರೆ ಮಂಗಳೂರೇ. ಅಮ್ಮನ ಹೃದಯದ ಮಾತ್ರೆ ಮುಗಿಯುತ್ತಾ ಬಂದಿತ್ತು. ಆ ಮಣ್ಣಿನ ರಾಶಿಯನ್ನು ಟಿವಿಯಲ್ಲಿ ನೋಡಿ ಅಮ್ಮ ತುಳುವಿನಲ್ಲಿ ಕೇಳಿದರು, ನಾವು ಯಾರಿಗೂ ಬೇಡವಾ ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾವು ಕನ್ನಡದವರೇ ಅಂತ ಜೀವನ ಪೂರ್ತಿ ಹೇಳಿಕೊಂಡು ಬಂದವರು ಅವರು.

ಹೋದ ವರ್ಷ ಅಮ್ಮ ಹೋದರು. ಈಗ ವಾರಸುದಾರರ ಪತ್ರಕ್ಕಾಗಿ ಅದೇ ಮೂರು ಹೆಸರು ಹಿಡಿದು ನಾನು ಓಡಾಡುತ್ತಿದ್ದೇನೆ. ಕಳೆದ ತಿಂಗಳು ಒಬ್ಬ ಹೊಸ ಕ್ಲಾರ್ಕ್, ಮಲಯಾಳಿ ಹುಡುಗ, ಎಲ್ಲ ಕಾಗದ ಮೇಜಿನ ಮೇಲೆ ಹರಡಿದ. ಹೆಸರು ಓದುವುದು ಬಿಟ್ಟು ಅಡಿಯಲ್ಲಿದ್ದ ಸಹಿಗಳನ್ನು ನೋಡಿದ. ಜಾಗದ ಕಾಗದದಲ್ಲಿ, ಬ್ಯಾಂಕಿನ ಪುಸ್ತಕದಲ್ಲಿ, ತಿದ್ದುಪಡಿಗೆ ಕೊಟ್ಟ ಅರ್ಜಿಗಳಲ್ಲಿ, ಎಲ್ಲ ಕಡೆ ಅದೇ ಸಹಿ. ಕನ್ನಡದಲ್ಲಿ, ಅದೇ ದುಂಡಗಿನ ಅಕ್ಷರ. "ಇದು ಏನು ಬರೆದಿದೆ?" ಅಂತ ಮಲಯಾಳದಲ್ಲಿ ಕೇಳಿದ. ಜೊತೆಗೆ ಬಂದಿದ್ದ ಮಗಳು ಅಜ್ಜಿಯ ಹೆಸರನ್ನು ಅವನ ಎದುರೇ ಮಲಯಾಳದಲ್ಲಿ ಬರೆದು ತೋರಿಸಿದಳು, ತಪ್ಪಿಲ್ಲದೆ, ಶೆಡ್ತಿ ಸಮೇತ. ಆ ಚೀಟಿಯನ್ನು ಅವನು ಫೈಲಿಗೆ ಪಿನ್ ಮಾಡಿದ. ಮುಂದಿನ ಮಂಗಳವಾರ ಬರಲು ಹೇಳಿದ್ದಾನೆ.