ವಿಮಾನ ಸಂಶೋಧನೆಗೆ ಸರ್ಕಾರದ ಅರ್ಧ ದುಡ್ಡು, ಉಳಿದರ್ಧ ಯಾರದ್ದು?

ಅಮೆರಿಕದ ವಿಶ್ವವಿದ್ಯಾಲಯಗಳ ವಿಮಾನಯಾನ ಸಂಶೋಧನಾ ಕೇಂದ್ರಗಳ ಬಗ್ಗೆ ಹಲವು ಓದುಗರು ಬರೆದಿದ್ದಾರೆ. ಕೆಲವರು ಅಲ್ಲಿ ಪಾಠ ಮಾಡುವವರು, ಕೆಲವರು ಓದಲು ಹೋಗುವವರು. ಒಬ್ಬರು ಮಾತ್ರ ತೆರಿಗೆ ಕಟ್ಟುವವರು, ಅವರ ಪ್ರಶ್ನೆಯಲ್ಲಿ ಸ್ವಲ್ಪ ಸಿಟ್ಟೂ ಇದೆ. ಎಲ್ಲವನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಎಫ್‌ಎಎ "ಸೆಂಟರ್ ಆಫ್ ಎಕ್ಸಲೆನ್ಸ್" ಅಂತ ಒಂದು ವಿಶ್ವವಿದ್ಯಾಲಯವನ್ನು ಆರಿಸಿದರೆ ಕಟ್ಟಡ, ಯಂತ್ರ, ಸಂಬಳ ಎಲ್ಲಕ್ಕೂ ಸರ್ಕಾರವೇ ದುಡ್ಡು ಕೊಡುತ್ತದೆಯೇ?

ಇಲ್ಲ. ಇದು ಕಟ್ಟಡದ ಯೋಜನೆಯೇ ಅಲ್ಲ. ಎಫ್‌ಎಎ, ಅಂದರೆ ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್, ಒಂದು ವಿಷಯ ಆರಿಸುತ್ತದೆ. ಡ್ರೋನ್ ಸುರಕ್ಷತೆ ಇರಬಹುದು, ವಿಮಾನದ ಸದ್ದು ಮತ್ತು ಹೊಗೆ ಇರಬಹುದು, ಸಣ್ಣ ವಿಮಾನಗಳ ಅಪಘಾತ ಇರಬಹುದು. ಆ ವಿಷಯಕ್ಕೆ ಹಲವು ವಿಶ್ವವಿದ್ಯಾಲಯಗಳ ಒಂದು ತಂಡ ಆಯ್ಕೆಯಾಗುತ್ತದೆ. ಒಂದೋ ಎರಡೋ ವಿಶ್ವವಿದ್ಯಾಲಯಗಳು ಮುಂದಾಳುಗಳು, ಉಳಿದವು ಸದಸ್ಯರು. ಆಮೇಲೆ ದುಡ್ಡು ಬರುವುದು ಒಂದೊಂದು ಪ್ರಾಜೆಕ್ಟಿಗೆ, ಬಿಡಿಬಿಡಿಯಾಗಿ. ಆಯ್ಕೆಯಾದ ದಿನವೇ ದೊಡ್ಡ ಚೆಕ್ ಬರುತ್ತದೆ ಅಂದುಕೊಂಡವರಿಗೆ ಮೊದಲ ವರ್ಷ ನಿರಾಸೆಯೇ.

ಇದಕ್ಕೆ ದಾರಿ ಮಾಡಿದ್ದು 1990ರ ಕಾನೂನು. ಮೊದಲ ಕೇಂದ್ರ 1992ರಲ್ಲಿ ಬಂತು. ರಟ್‌ಗರ್ಸ್ ಮತ್ತು ಜಾರ್ಜಿಯಾ ಟೆಕ್ ಸೇರಿ ವಿಮಾನದ ಮೈಕಟ್ಟನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸ ಹಿಡಿದವು. ಅದಕ್ಕೆ ನಾಲ್ಕು ವರ್ಷ ಮೊದಲು, 1988ರಲ್ಲಿ, ಅಲೋಹಾ ಏರ್‌ಲೈನ್ಸ್‌ನ ಹಳೆಯ 737 ಒಂದರ ಚಾವಣಿಯೇ ಹಾರುವಾಗ ಕಿತ್ತುಹೋಗಿತ್ತು. ಹಳೆಯ ವಿಮಾನಗಳ ಬಿರುಕು ಆಗ ಎಲ್ಲರ ಚಿಂತೆ. ವಿಷಯಗಳು ಹೆಚ್ಚಾಗಿ ಹೀಗೇ ಹುಟ್ಟುತ್ತವೆ: ಮೊದಲು ತೊಂದರೆ, ಆಮೇಲೆ ಗ್ರಾಂಟ್.

ಪ್ರಶ್ನೆ: ನಮ್ಮದು ಸಣ್ಣ ವಿಶ್ವವಿದ್ಯಾಲಯ. ಎಫ್‌ಎಎ ಒಂದು ಡಾಲರ್ ಕೊಟ್ಟರೆ ನಾವೂ ಒಂದು ಡಾಲರ್ ಹಾಕಬೇಕಂತೆ. ನಮ್ಮ ಡೀನ್ ಇದನ್ನು ಕೇಳಿಯೇ ಕೈಚೆಲ್ಲಿದ್ದಾರೆ. ಅಷ್ಟು ನಗದು ಎಲ್ಲಿಂದ ತರುವುದು?

ಡೀನ್ ಸ್ವಲ್ಪ ಬೇಗ ಕೈಚೆಲ್ಲಿದರು ಅನ್ನಿಸುತ್ತದೆ. ಒಂದಕ್ಕೊಂದು ಪಾಲು ಹಾಕಬೇಕು ಅನ್ನುವುದು ನಿಜ. 2015ರಲ್ಲಿ ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾಲಯದ ಮುಂದಾಳುತನದ ತಂಡವನ್ನು ಡ್ರೋನ್ ಕೇಂದ್ರಕ್ಕೆ ಆರಿಸಿದರು. ಅದರ ಹೆಸರು ಅಶೂರ್. ಆಗ ಐದು ವರ್ಷದ ಒಪ್ಪಂದಕ್ಕೆ ಅಮೆರಿಕದ ಕಾಂಗ್ರೆಸ್ 50 ಲಕ್ಷ ಡಾಲರ್ ಮಂಜೂರು ಮಾಡಿತ್ತು. ತಂಡವೂ ಅಷ್ಟೇ ಹಾಕಬೇಕು ಅನ್ನುವುದು ಷರತ್ತು. ಆದರೆ "ಅಷ್ಟೇ" ಅಂದರೆ ಅಷ್ಟೂ ನಗದು ಅಂತಲ್ಲ.

ಪಾಲು ಹೇಗೆ ಕೂಡುತ್ತದೆ ನೋಡಿ. ವಿಶ್ವವಿದ್ಯಾಲಯವೇ ಸಂಬಳ ಕೊಡುವ ಪ್ರಾಧ್ಯಾಪಕರು ಪ್ರಾಜೆಕ್ಟಿಗೆ ಕೊಟ್ಟ ಸಮಯಕ್ಕೆ ಬೆಲೆ ಕಟ್ಟಬಹುದು. ವಿಮಾನ ಕಂಪನಿಯೊಂದು ಸಿಮ್ಯುಲೇಟರ್ ಕೊಟ್ಟರೆ ಆ ಗಂಟೆಗಳಿಗೂ ಬೆಲೆ ಇದೆ. ಪರೀಕ್ಷೆಗೆ ಒಡೆದುಹಾಕಲು ಕೊಟ್ಟ ಕಾಂಪೋಸಿಟ್ ಹಲಗೆ, ಡ್ರೋನ್, ಹಾರಾಟದ ಗಂಟೆ, ಕಂಪನಿಯ ಇಂಜಿನಿಯರ್ ಬಂದು ಕೂತ ದಿನಗಳು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ರಾಜ್ಯ ಸರ್ಕಾರದ ದುಡ್ಡೂ ಸಾಮಾನ್ಯವಾಗಿ ನಡೆಯುತ್ತದೆ. ಕರೆಂಟ್, ಆಡಳಿತದಂಥ ಸಾಮಾನ್ಯ ಖರ್ಚಿಗೆ ಅಂತ ಗ್ರಾಂಟಿನಿಂದ ವಿಶ್ವವಿದ್ಯಾಲಯ ಪಡೆಯುವ ಭಾಗಕ್ಕೆ ಓವರ್‌ಹೆಡ್ ಅನ್ನುತ್ತಾರೆ. ತಾನು ಪಡೆಯಬಹುದಾಗಿದ್ದ ಆ ದುಡ್ಡನ್ನು ಬಿಟ್ಟುಕೊಟ್ಟರೆ ಅದನ್ನೂ ಪಾಲು ಅಂತ ತೋರಿಸಬಹುದು. ಆದರೆ ಅದಕ್ಕೆ ಗ್ರಾಂಟ್ ಕೊಡುವ ಇಲಾಖೆ ಮೊದಲೇ ಒಪ್ಪಿರಬೇಕು.

ನಡೆಯದ್ದು ಎರಡು. ಒಂದು, ಇನ್ನೊಂದು ಫೆಡರಲ್ ಗ್ರಾಂಟಿನ ದುಡ್ಡನ್ನು ತಂದು ಇಲ್ಲಿ ನಮ್ಮ ಪಾಲು ಅಂತ ತೋರಿಸುವುದು. ಕಾನೂನೇ ಬಿಡಿಸಿ ಅನುಮತಿ ಕೊಡದಿದ್ದರೆ ಅದು ಆಗದ ಮಾತು. ಇನ್ನೊಂದು, ಒಂದೇ ಗಂಟೆಯನ್ನು ಎರಡು ಪ್ರಾಜೆಕ್ಟಿಗೆ ಪಾಲಾಗಿ ತೋರಿಸುವುದು. ಆಡಿಟ್‌ನಲ್ಲಿ ಸಿಕ್ಕಿಬೀಳುವುದು ಇಲ್ಲೇ ಜಾಸ್ತಿ. ಯಾರೂ ಕದಿಯಬೇಕು ಅಂತ ಮಾಡಿರುವುದಿಲ್ಲ. ಕಂಪನಿಯವರು ಬಾಯಿಮಾತಿನಲ್ಲಿ ಒಪ್ಪಿರುತ್ತಾರೆ, ಕೆಲಸವೂ ಆಗಿರುತ್ತದೆ, ಕಾಗದ ಮಾತ್ರ ಇರುವುದಿಲ್ಲ. ಹಾಗಾಗಿ ಪ್ರತಿ ಕೊಡುಗೆಗೂ ಪತ್ರ ಬೇಕು: ಏನು ಕೊಟ್ಟರು, ಯಾವಾಗ, ಬೆಲೆ ಹೇಗೆ ಕಟ್ಟಿದರು. ಪ್ರಾಜೆಕ್ಟ್ ಮುಗಿಯುವ ಹೊತ್ತಿಗೆ ಓಡಾಡಿ ಸಹಿ ಹಾಕಿಸಿಕೊಳ್ಳುವ ಕೆಲಸ ಮಾತ್ರ ಬೇಡ.

ಎಲ್ಲ ಇಲಾಖೆಗಳೂ ಹೀಗೆ ಪಾಲು ಕೇಳುವುದಿಲ್ಲ. ಸಾಮಾನ್ಯ ಸಂಶೋಧನಾ ಗ್ರಾಂಟುಗಳ ಫೆಡರಲ್ ನಿಯಮವೇ ಬೇರೆ. ಸ್ವಂತ ಇಚ್ಛೆಯಿಂದ ಪಾಲು ಹಾಕಲಿ ಅಂತ ನಿರೀಕ್ಷಿಸಬಾರದು ಅನ್ನುತ್ತದೆ ಅದು. ವಿಜ್ಞಾನ ಸಂಶೋಧನೆಗೆ ಗ್ರಾಂಟ್ ಕೊಡುವ ಸರ್ಕಾರಿ ಸಂಸ್ಥೆ ನ್ಯಾಷನಲ್ ಸೈನ್ಸ್ ಫೌಂಡೇಷನ್ ಅಂತೂ 2011ರಿಂದ ಅರ್ಜಿಯಲ್ಲಿ ಹಾಗೆ ಬರೆಯುವುದನ್ನೇ ನಿಲ್ಲಿಸಿದೆ. ದುಡ್ಡಿರುವ ವಿಶ್ವವಿದ್ಯಾಲಯಗಳು ಪಾಲು ತೋರಿಸಿಯೇ ಗೆದ್ದುಬಿಡುತ್ತವೆ ಅನ್ನುವ ಭಯ. ಎಫ್‌ಎಎ ಕೇಂದ್ರಗಳಲ್ಲಿ ಪಾಲು ಕಾನೂನಿನಲ್ಲೇ ಇದೆ. ಸರ್ಕಾರದ ಭಾಗ ಶೇ 50 ಮೀರಬಾರದು. ಹೆಚ್ಚಿನ ದುಡ್ಡಿಲ್ಲದೆ ಕೇಂದ್ರದ ಕೆಲಸವೇ ನಡೆಯದು ಅಂತ ಎಫ್‌ಎಎ ಮುಖ್ಯಸ್ಥರಿಗೆ ಅನ್ನಿಸಿದರೆ ಒಂದು ಆರ್ಥಿಕ ವರ್ಷಕ್ಕೆ ಶೇ 75ರವರೆಗೆ ಏರಿಸಬಹುದು. ಅದನ್ನು ನಂಬಿಕೊಂಡು ಬಜೆಟ್ ಬರೆಯಬೇಡಿ.

ಈ ಪಾಲಿನ ನಿಯಮದ ಬಗ್ಗೆ ನನಗೆ ಪೂರ್ತಿ ಸಮಾಧಾನ ಇಲ್ಲ. ಒಳ್ಳೆಯದೇನೆಂದರೆ ಉದ್ಯಮದವರು ಮೊದಲ ದಿನದಿಂದಲೇ ಜೊತೆಗಿರುತ್ತಾರೆ. ನಿಜವಾದ ವಿಮಾನ, ನಿಜವಾದ ಡೇಟಾ ಸಿಗುತ್ತದೆ. ಆದರೆ ಯಾವ ಕಂಪನಿಗೂ ಲಾಭವಿಲ್ಲದ ಪ್ರಶ್ನೆ ಇದ್ದರೆ? ಓಡುದಾರಿಯ ಪಕ್ಕದ ಮನೆಯವರ ರಾತ್ರಿ ನಿದ್ದೆ ಎಷ್ಟು ಕೆಡುತ್ತದೆ ಅನ್ನುವ ಸಂಶೋಧನೆಗೆ ಅರ್ಧ ದುಡ್ಡು ಹಾಕಲು ಯಾರು ಮುಂದೆ ಬರುತ್ತಾರೆ? ಅಂಥ ಕಡೆ ವಿಶ್ವವಿದ್ಯಾಲಯವೇ ತನ್ನ ಜೇಬಿಗೆ ಕೈ ಹಾಕಬೇಕು. ದೊಡ್ಡ ಜೇಬಿನವರಿಗೆ ಅದು ಸುಲಭ, ನಿಮ್ಮಂಥವರಿಗೆ ಕಷ್ಟ.

ಪ್ರಶ್ನೆ: ನನಗೆ 2 ಲಕ್ಷ ಡಾಲರ್ ಗ್ರಾಂಟ್ ಬಂತು ಅಂತ ಖುಷಿಪಟ್ಟೆ. ನಮ್ಮ ಓವರ್‌ಹೆಡ್ ದರ ಶೇ 50. ಹಾಗಾದರೆ ಅರ್ಧ ದುಡ್ಡು ವಿಶ್ವವಿದ್ಯಾಲಯಕ್ಕೇ ಹೋಗುತ್ತದಾ?

ಅರ್ಧ ಅಲ್ಲ, ಮೂರನೇ ಒಂದು ಭಾಗ. ದರ ಹಾಕುವುದು ಒಟ್ಟು ಮೊತ್ತದ ಮೇಲಲ್ಲ, ನೇರ ಖರ್ಚಿನ ಮೇಲೆ, ಅಂದರೆ ಆ ಪ್ರಾಜೆಕ್ಟಿಗೇ ತಗಲುವ ಖರ್ಚಿನ ಮೇಲೆ. ನಿಮ್ಮ ನೇರ ಖರ್ಚು 1,33,333 ಡಾಲರ್ ಆದರೆ ಅದರ ಶೇ 50, ಅಂದರೆ 66,667 ಡಾಲರ್ ಓವರ್‌ಹೆಡ್. ಎರಡೂ ಸೇರಿ 2 ಲಕ್ಷ.

ಇನ್ನೂ ಒಂದು ಸಮಾಧಾನ. ಎಲ್ಲ ನೇರ ಖರ್ಚಿಗೂ ಈ ದರ ಬೀಳುವುದಿಲ್ಲ. ದೊಡ್ಡ ಯಂತ್ರೋಪಕರಣ, ವಿದ್ಯಾರ್ಥಿಗಳ ಟ್ಯೂಷನ್ ಫೀಸು ಈ ಲೆಕ್ಕದಿಂದ ಹೊರಗೆ. ಬೇರೆ ವಿಶ್ವವಿದ್ಯಾಲಯಕ್ಕೆ ಹಂಚಿದ ಉಪಗ್ರಾಂಟಿನಲ್ಲೂ ಮೊದಲ ಒಂದಿಷ್ಟು ಮೊತ್ತವನ್ನು ಬಿಟ್ಟು ಉಳಿದದ್ದು ಹೊರಗೆ. 2024ರ ಅಕ್ಟೋಬರಿನಿಂದ ಜಾರಿಗೆ ಬಂದ ನಿಯಮದಲ್ಲಿ ಆ ಮೊದಲ ಮೊತ್ತ 50,000 ಡಾಲರ್, ಮುಂಚೆ 25,000 ಇತ್ತು. ಹಾಗೇ ಯಂತ್ರೋಪಕರಣ ಅನ್ನಿಸಿಕೊಳ್ಳುವ ಮಿತಿ 5,000ದಿಂದ 10,000 ಡಾಲರ್‌ಗೆ ಏರಿದೆ. ಇದು ನಿಮಗೆ ಅಷ್ಟು ಒಳ್ಳೆಯದಲ್ಲ. 7,000 ಡಾಲರಿನ ಸೆನ್ಸರ್ ಮುಂಚೆ ಓವರ್‌ಹೆಡ್‌ನಿಂದ ಪಾರಾಗುತ್ತಿತ್ತು. ನಿಮ್ಮ ವಿಶ್ವವಿದ್ಯಾಲಯ ಹೊಸ ಮಿತಿಗೆ ಬಂದಿದ್ದರೆ ಈಗ ಪಾರಾಗುವುದಿಲ್ಲ.

ಉದಾಹರಣೆಗೆ ನಿಮ್ಮ 2 ಲಕ್ಷದಲ್ಲಿ 60,000 ಡಾಲರಿನ ಒಂದು ಯಂತ್ರ ಇದೆ ಅಂತಿಟ್ಟುಕೊಳ್ಳಿ. ಆಗ ದರ ಬೀಳುವುದು ಉಳಿದ 1,40,000ದ ಒಳಗೆ ಮಾತ್ರ. ನೇರ ಖರ್ಚು 93,333, ಓವರ್‌ಹೆಡ್ 46,667. ನಿಮ್ಮ ಲ್ಯಾಬಿಗೆ ಒಟ್ಟು 1,53,333 ಉಳಿಯಿತು.

ಓವರ್‌ಹೆಡ್ ಅಂದರೆ ಲೂಟಿ ಅಂತ ಬಯ್ಯುವವರು ತುಂಬ ಜನ. ವಿಂಡ್ ಟನಲ್‌ನ ಕರೆಂಟ್ ಬಿಲ್, ಸುರಕ್ಷತಾ ಸಿಬ್ಬಂದಿ, ಗ್ರಾಂಟ್ ಲೆಕ್ಕ ಇಡುವ ಆಫೀಸು ಇದರಲ್ಲೇ ನಡೆಯಬೇಕು. ಆಡಳಿತದ ಭಾಗಕ್ಕೆ ವಿಶ್ವವಿದ್ಯಾಲಯಗಳಲ್ಲಿ ಶೇ 26ರ ಮಿತಿ ಇದೆ, ಅದಕ್ಕಿಂತ ಜಾಸ್ತಿ ಖರ್ಚಾದರೆ ಅವರೇ ಹೊರಬೇಕು. ನಿಮ್ಮ ಪಾಲಿನ ಪತ್ರಗಳನ್ನು ಆಡಿಟ್‌ನಲ್ಲಿ ತೋರಿಸಲು ಓಡಾಡುವವರೂ ಆ ಆಫೀಸಿನವರೇ.

ಪ್ರಶ್ನೆ: ನಾನು ಅಮೆರಿಕದ ಪ್ರಜೆಯಲ್ಲ. ಸರ್ಕಾರಿ ಗ್ರಾಂಟಿನ ವಿಮಾನ ಸಂಶೋಧನೆಯಲ್ಲಿ ರಿಸರ್ಚ್ ಅಸಿಸ್ಟೆಂಟ್ ಆಗಬಹುದೇ? ಸೀನಿಯರ್‌ಗಳು ಸುಮ್ನೆ ಕನಸು ಕಾಣಬೇಡ ಅನ್ನುತ್ತಾರೆ.

ಕನಸು ಕಾಣಿ, ಆದರೆ ಪ್ರಾಜೆಕ್ಟ್ ನೋಡಿ ಕಾಣಿ. ನಾಗರಿಕ ವಿಮಾನಯಾನದ ಸಂಶೋಧನೆಗೆ ವಿದೇಶಿ ವಿದ್ಯಾರ್ಥಿ ಬರಲೇಬಾರದು ಅನ್ನುವ ಒಂದೇ ನಿಷೇಧ ಇಲ್ಲ. ಫಲಿತಾಂಶವನ್ನು ಅಡೆತಡೆ ಇಲ್ಲದೆ ಪ್ರಕಟಿಸುವ ಮೂಲ ಸಂಶೋಧನೆಗೆ ರಫ್ತು ನಿಯಂತ್ರಣ ಕಾನೂನಿನಲ್ಲಿ, ಅಂದರೆ ಸೂಕ್ಷ್ಮ ತಂತ್ರಜ್ಞಾನ ವಿದೇಶಿಯರ ಕೈಸೇರದಂತೆ ತಡೆಯುವ ಕಾನೂನಿನಲ್ಲಿ, ವಿನಾಯಿತಿ ಇದೆ. ನಿಲ್ದಾಣದ ಜನಸಂದಣಿ, ವಿಮಾನಗಳ ಸಾಲು, ಪೈಲಟ್ ತರಬೇತಿ, ಸದ್ದಿನ ಅಳತೆ ಇಂಥ ಕೆಲಸಗಳಲ್ಲಿ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ.

ತೊಂದರೆ ಶುರುವಾಗುವುದು ಆ ಇನ್ನರ್ಧ ಪಾಲಿನಿಂದ. ಕಂಪನಿ ತನ್ನ ಪಾಲಾಗಿ ಎಂಜಿನ್ನಿನ ಬಿಸಿ ಭಾಗದ ವಿನ್ಯಾಸವನ್ನೋ, ತನ್ನ ಗುಟ್ಟಿನ ಪರೀಕ್ಷಾ ಡೇಟಾವನ್ನೋ ಕೊಟ್ಟಿತು ಅನ್ನಿ. ಆ ಮಾಹಿತಿ ನಿಯಂತ್ರಿತ ಪಟ್ಟಿಯಲ್ಲಿದ್ದರೆ, ಅದನ್ನು ವಿದೇಶಿ ಪ್ರಜೆಗೆ ತೋರಿಸುವುದೇ ರಫ್ತು ಮಾಡಿದ ಹಾಗೆ. ನೀವು ಅದೇ ಕ್ಯಾಂಪಸ್ಸಿನಲ್ಲಿ, ಅದೇ ಕೋಣೆಯಲ್ಲಿ ಕೂತಿದ್ದರೂ ಅಷ್ಟೇ. ಪ್ರಕಟಿಸುವ ಮೊದಲು ಕಂಪನಿ ಒಪ್ಪಿಗೆ ಕೊಡಬೇಕು ಅನ್ನುವ ಷರತ್ತಿದ್ದರೆ ಮೂಲ ಸಂಶೋಧನೆಯ ವಿನಾಯಿತಿಯೂ ಕೈತಪ್ಪಬಹುದು. ಹಾಗಾಗಿ ಪ್ರಾಧ್ಯಾಪಕರನ್ನು ಸೇರುವ ಮೊದಲೇ ಎರಡು ಮಾತು ಕೇಳಿ. ಪ್ರಕಟಣೆಗೆ ತಡೆ ಇದೆಯಾ? ಕಂಪನಿಯ ನಿಯಂತ್ರಿತ ಡೇಟಾ ಬಳಸುತ್ತೀರಾ? ಇದನ್ನು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎರಡು ವರ್ಷ ಆದ ಮೇಲೆ ನಿಮ್ಮದೇ ಪ್ರಬಂಧದ ಡೇಟಾ ನೋಡಲು ನಿಮಗೇ ಅನುಮತಿ ಇಲ್ಲ ಅಂತ ಗೊತ್ತಾಗುವುದಕ್ಕಿಂತ ವಾಸಿ, ಅಲ್ವಾ?

ಪ್ರಶ್ನೆ: ತೆರಿಗೆ ದುಡ್ಡು ಅರ್ಧ, ಕಂಪನಿ ದುಡ್ಡು ಅರ್ಧ. ಫಲಿತಾಂಶ ಕಂಪನಿಗೆ ಬೇಕಾದ ಹಾಗೆ ಬರುವುದಿಲ್ಲ ಅಂತ ಏನು ಗ್ಯಾರಂಟಿ? ಇದುವರೆಗೆ ಇವರು ಕಂಡುಹಿಡಿದದ್ದಾದರೂ ಏನು?

ಗ್ಯಾರಂಟಿ ಇಲ್ಲ, ತಡೆಗಳಿವೆ. ಪ್ರಾಜೆಕ್ಟನ್ನು ಆರಿಸಿ ದುಡ್ಡು ಕೊಡುವುದು ಎಫ್‌ಎಎ. ಮುಖ್ಯ ವರದಿಗಳು ಜನರ ಮುಂದೆ ಬರುತ್ತವೆ. ಪೇಟೆಂಟ್ ವಿಷಯಕ್ಕೆ 1980ರ ಬೇ-ಡೋಲ್ ಕಾನೂನು ಇದೆ. ಹಕ್ಕು ವಿಶ್ವವಿದ್ಯಾಲಯಕ್ಕೆ, ಆದರೆ ಸರ್ಕಾರ ತನ್ನ ಬಳಕೆಗೆ ರಾಯಲ್ಟಿ ಕೊಡಬೇಕಿಲ್ಲ.

ಫಲಿತಾಂಶಕ್ಕೆ ಅಶೂರ್ ತಂಡದ್ದೇ ಉದಾಹರಣೆ ಕೊಡುತ್ತೇನೆ. 2017ರಲ್ಲಿ ಅವರು ಎರಡು ವರದಿ ಕೊಟ್ಟರು. ಒಂದು, ಡ್ರೋನ್ ವಿಮಾನಕ್ಕೆ ಗುದ್ದಿದರೆ ಏನಾಗುತ್ತದೆ ಅನ್ನುವುದು. ದೊಡ್ಡ ಪ್ರಯಾಣಿಕ ವಿಮಾನ 4 ಪೌಂಡ್ ತೂಕದ ಹಕ್ಕಿಯ ಗುದ್ದು ತಡೆಯಬೇಕು, ಬಾಲದ ಭಾಗ 8 ಪೌಂಡ್ ಹಕ್ಕಿಯನ್ನು ತಡೆಯಬೇಕು ಅಂತ ಹಳೆಯ ನಿಯಮ. ಡ್ರೋನೂ ಅಷ್ಟೇ ತೂಕ, ಏನು ವ್ಯತ್ಯಾಸ ಅನ್ನುವವರಿದ್ದರು. ವ್ಯತ್ಯಾಸ ಇದೆ ಅಂತ ತೋರಿಸಿದರು. ಆ ವೇಗದಲ್ಲಿ ಹಕ್ಕಿಯ ಮೈ ದ್ರವದ ಹಾಗೆ ಹರಡಿಹೋಗುತ್ತದೆ. ಡ್ರೋನಿನ ಮೋಟಾರು, ಬ್ಯಾಟರಿ, ಕ್ಯಾಮೆರಾ ಗಟ್ಟಿ, ಅವು ತಗಡನ್ನು ಸೀಳಿಕೊಂಡು ಒಳಗೆ ಹೋಗುತ್ತವೆ. ಅಷ್ಟೇ ತೂಕದ ಹಕ್ಕಿಗಿಂತ ಡ್ರೋನಿನಿಂದ ಹೆಚ್ಚು ಹಾನಿ. ಡ್ರೋನ್ ಮಾರುವವರಿಗೆ ಇದು ಸಿಹಿಸುದ್ದಿ ಆಗಿರಲಾರದು.

ಇನ್ನೊಂದು ವರದಿ, ಡ್ರೋನ್ ಮನುಷ್ಯರ ಮೇಲೆ ಬಿದ್ದರೆ ಏನಾಗುತ್ತದೆ ಅನ್ನುವುದು. ಇಲ್ಲಿ ಲೆಕ್ಕ ತಿರುಗಿತು. ಅಷ್ಟೇ ತೂಕದ ಮರದ ತುಂಡು ಅಥವಾ ಉಕ್ಕಿನ ತುಂಡು ಬಿದ್ದಾಗ ಆಗುವಷ್ಟು ಪೆಟ್ಟು ಪ್ಲಾಸ್ಟಿಕ್ ಮೈಯ ಡ್ರೋನಿನಿಂದ ಆಗುವುದಿಲ್ಲ. ಅದು ಬೀಳುವುದೂ ನಿಧಾನ, ಬಿದ್ದಾಗ ಬಾಗುತ್ತದೆ. ಜನರ ತಲೆಯ ಮೇಲೆ ಡ್ರೋನ್ ಹಾರಿಸುವ ನಿಯಮವನ್ನು ಎಫ್‌ಎಎ 2020ರ ಕೊನೆಗೆ ಪ್ರಕಟಿಸಿತು. ಅದರಲ್ಲಿ ಬರೀ ತೂಕ ನೋಡದೆ, ಬಿದ್ದಾಗ ದೇಹಕ್ಕೆ ದಾಟುವ ಶಕ್ತಿ ಎಷ್ಟು ಅಂತ ಕೇಳುವ ವರ್ಗಗಳೂ ಇವೆ. ಒಂದು ಫಲಿತಾಂಶ ಉದ್ಯಮಕ್ಕೆ ಕಹಿ, ಇನ್ನೊಂದು ಸಿಹಿ, ಎರಡೂ ಒಂದೇ ತಂಡದ್ದು. ನಿಮ್ಮ ಅನುಮಾನಕ್ಕೆ ಇದು ಪೂರ್ತಿ ಉತ್ತರ ಅಲ್ಲ, ಆದರೆ ತಳ್ಳಿಹಾಕುವಂಥದ್ದೂ ಅಲ್ಲ.

ಪ್ರಶ್ನೆ: ಹೊಸದಾಗಿ ಒಂದು ಕೇಂದ್ರ ಶುರು ಮಾಡಲು ಎಫ್‌ಎಎಗೆ ನಾವೇ ಅರ್ಜಿ ಹಾಕಬಹುದೇ?

ನಿಮಗೆ ಬೇಕಾದಾಗ ಆಗುವುದಿಲ್ಲ. ಅವರು ಹೊಸ ವಿಷಯಕ್ಕೆ ಕರೆ ಕೊಟ್ಟಾಗ ಮಾತ್ರ. ಇಂಧನ ಮತ್ತು ಪರಿಸರಕ್ಕೆ ಅಸೆಂಟ್ ಕೇಂದ್ರ 2013ರಲ್ಲಿ ಬಂತು, ಮುಂದಾಳುಗಳು ವಾಷಿಂಗ್ಟನ್ ಸ್ಟೇಟ್ ಮತ್ತು ಎಂಐಟಿ. ಡ್ರೋನ್ ಕೇಂದ್ರ 2015ರಲ್ಲಿ. ಇಂಥ ಅವಕಾಶ ದಿನಾ ಬರುವುದಿಲ್ಲ. ಸಣ್ಣ ವಿಶ್ವವಿದ್ಯಾಲಯ ಈಗಿರುವ ತಂಡದಲ್ಲೇ ಒಂದು ಕೆಲಸ ಹಿಡಿಯುವುದು ಮೇಲು. ನಿಮ್ಮಲ್ಲಿ ಬೇರೆಯವರ ಹತ್ತಿರ ಇಲ್ಲದ್ದು ಏನಿದೆ? ಹಿಮ ಬೀಳುವ ಓಡುದಾರಿ, ಸ್ವಂತ ತರಬೇತಿ ವಿಮಾನಗಳು, ಜನ ಕಡಿಮೆ ಇರುವ ಆಕಾಶ, ಏನಾದರೂ ಸರಿ. ಅದನ್ನು ಮುಂದಿಟ್ಟು ಮುಂದಾಳು ವಿಶ್ವವಿದ್ಯಾಲಯದ ಜೊತೆ ಮಾತಾಡಿ. ಸ್ವಂತ ವಿಷಯವೇ ಬೇಕು ಅಂದರೆ ನಾಸಾದ ಯೂನಿವರ್ಸಿಟಿ ಲೀಡರ್‌ಶಿಪ್ ಇನಿಶಿಯೇಟಿವ್ ನೋಡಿ. ಅಲ್ಲಿ ನಾಸಾ ದಿಕ್ಕು ಹೇಳುತ್ತದೆ, ಯಾವ ಸಮಸ್ಯೆ ಬಿಡಿಸಬೇಕು ಅಂತ ವಿಶ್ವವಿದ್ಯಾಲಯದ ತಂಡವೇ ಸೂಚಿಸುತ್ತದೆ. ಪೈಪೋಟಿ ಜೋರು. ಎರಡರಲ್ಲೂ ಮೊದಲು ಹೋಗಬೇಕಾದದ್ದು ನಿಮ್ಮದೇ ಕ್ಯಾಂಪಸ್ಸಿನ ಗ್ರಾಂಟ್ ಆಫೀಸಿಗೆ. ಕೊನೆಯ ದಿನಾಂಕಕ್ಕೆ ಎರಡು ತಿಂಗಳಾದರೂ ಮೊದಲು ಹೋಗಿ, ಹಿಂದಿನ ಸಂಜೆ ಅಲ್ಲ.