ನೀರಡಿಕೆ ನಿಂತ ಮೇಲೆ ಏನಾಗುತ್ತದೆ, ಅದನ್ನು ಬರೆಯಿರಿ

ಶಹಾಪುರದ ಸಹೋದರಿಗೆ, ಶರಣು.

ನೀವು ಕಳಿಸಿದ ‘ಸಾಮಾನ್ಯ ರೋಗಗಳು ಮತ್ತು ದೇಹದ ವ್ಯವಸ್ಥೆಗಳು’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಸಾಮಾನ್ಯವಾಗಿ ಇಷ್ಟು ಹೇಳಿ ಮುಗಿಸುತ್ತೇನೆ. ಆದರೆ ಲೇಖನದ ಜೊತೆಗಿಟ್ಟ ಪತ್ರದಲ್ಲಿ ಒಂದು ಮಾತು ಬರೆದಿದ್ದೀರಿ: “ನಮ್ಮ ಮೆಡಿಕಲ್ ಅಂಗಡಿಗೆ ಶುಗರ್ ಗುಳಿಗೆಗೆಂದು ಬರುವ ಹಳ್ಳಿಯ ಜನ ನೀರಡಿಕೆ ನಿಂತ ಕೂಡಲೇ ಗುಳಿಗೆಯನ್ನೂ ನಿಲ್ಲಿಸಿಬಿಡುತ್ತಾರೆ. ಎಷ್ಟು ಹೇಳಿದರೂ ಕೇಳುವುದಿಲ್ಲ.” ಈ ಮಾತು ಲೇಖನದೊಳಗೆ ಎಲ್ಲಿಯೂ ಇಲ್ಲ. ನನ್ನ ತಕರಾರೆಲ್ಲ ಅದರ ಬಗ್ಗೆಯೇ.

ಲೇಖನದಲ್ಲಿ ಇರುವುದೇನು? ಉಸಿರಾಟ, ರಕ್ತಪರಿಚಲನೆ, ಜೀರ್ಣಾಂಗ, ಮೂತ್ರಾಂಗ, ನರಮಂಡಲ ಎಂದು ಭಾಗ ಮಾಡಿ, ಒಂದೊಂದರ ಕೆಳಗೆ ಕೆಲವು ರೋಗಗಳ ಹೆಸರು, ಲಕ್ಷಣ, ಮುನ್ನೆಚ್ಚರಿಕೆ. ‘ಮಧುಮೇಹವು ಅಂತಃಸ್ರಾವ ವ್ಯವಸ್ಥೆಯ (ಹಾರ್ಮೋನು ಸ್ರವಿಸುವ ಗ್ರಂಥಿಗಳ) ಮೇಲೆ ದುಷ್ಪರಿಣಾಮ ಬೀರುತ್ತದೆ’ ಎಂದು ಬರೆದು ಮುಂದಿನ ರೋಗಕ್ಕೆ ಹೋಗಿದ್ದೀರಿ. ಯಾವ ಕೆಲಸ ನಿಂತಿತು, ಅದು ನಿಂತದ್ದರಿಂದ ಇನ್ನೊಂದು ಅಂಗಕ್ಕೆ ಏನು ಹೊರೆ ಬಿತ್ತು, ರೋಗಿಗೆ ಅದು ಏನಾಗಿ ತೋರಿತು ಎಂಬುದು ಇಲ್ಲ. ಪಠ್ಯಪುಸ್ತಕ ದೇಹವನ್ನು ಪಾಠಗಳಾಗಿ ಕತ್ತರಿಸುವುದು ಪಾಠ ಮಾಡುವವರ ಅನುಕೂಲಕ್ಕೆ. ರೋಗ ಆ ಗೆರೆಗಳನ್ನು ನೋಡಿಕೊಂಡು ನಡೆಯುವುದಿಲ್ಲ.

ಸಕ್ಕರೆ ರೋಗದ ಭಾಗದಲ್ಲಿ ಒಂದು ತಪ್ಪೂ ಇದೆ. ‘ಮೂತ್ರಪಿಂಡ ಕೆಡುವುದರಿಂದ ಪದೇ ಪದೇ ಮೂತ್ರ ಬರುತ್ತದೆ’ ಎಂದಿದ್ದೀರಿ. ಆರಂಭದಲ್ಲಿ ಮೂತ್ರಪಿಂಡ ಕೆಟ್ಟಿರುವುದಿಲ್ಲ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ಮರಳಿ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಡುವುದು ಅದರ ಕೆಲಸ. ಆರೋಗ್ಯವಂತರಲ್ಲಿ ಸೋಸಿದ ಗ್ಲೂಕೋಸ್, ಅಂದರೆ ರಕ್ತದ ಸಕ್ಕರೆ, ಹೆಚ್ಚುಕಡಿಮೆ ಎಲ್ಲವೂ ರಕ್ತಕ್ಕೆ ಮರಳುತ್ತದೆ. ಆದರೆ ಮರಳಿ ಹೀರುವ ಈ ಶಕ್ತಿಗೆ ಒಂದು ಮಿತಿ ಇದೆ. ರಕ್ತದಲ್ಲಿ ಗ್ಲೂಕೋಸ್ ಪ್ರತಿ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಹೆಚ್ಚಾದದ್ದು ಮೂತ್ರದಲ್ಲಿ ಉಳಿಯುತ್ತದೆ, ಉಳಿದದ್ದು ತನ್ನೊಡನೆ ನೀರನ್ನೂ ಎಳೆದೊಯ್ಯುತ್ತದೆ. ಮೈಯಲ್ಲಿ ನೀರು ಕಡಿಮೆಯಾಗುತ್ತದೆ, ಮಿದುಳು ಅದನ್ನು ಗುರುತಿಸಿ ನೀರಡಿಕೆ ಹುಟ್ಟಿಸುತ್ತದೆ. ಇಲ್ಲಿ ಮೂತ್ರಪಿಂಡವೂ ಮಿದುಳೂ ಮಾಡಬೇಕಾದುದನ್ನೇ ಮಾಡುತ್ತಿವೆ. ತಪ್ಪಿರುವುದು ಬೇರೆ ಕಡೆ: ರಕ್ತದ ಗ್ಲೂಕೋಸನ್ನು ಕೋಶಗಳೊಳಗೆ ಸೇರಿಸುವ ಇನ್ಸುಲಿನ್ನಿಗೆ ಸ್ನಾಯುಗಳು ಸರಿಯಾಗಿ ಓಗೊಡುತ್ತಿಲ್ಲ, ಯಕೃತ್ತು ಬೇಡದ ಹೊತ್ತಿನಲ್ಲೂ ಗ್ಲೂಕೋಸ್ ಬಿಡುಗಡೆ ಮಾಡುತ್ತಿದೆ, ಇನ್ಸುಲಿನ್ ತಯಾರಿಸುವ ಮೇದೋಜೀರಕದ ಕೋಶಗಳು ದಣಿದಿವೆ.

ಈಗ ನಿಮ್ಮ ಗಿರಾಕಿಯ ಕಡೆಗೆ ಬನ್ನಿ. ಗುಳಿಗೆಯಿಂದ ಆತನ ಸಕ್ಕರೆ 250ರಿಂದ 170ಕ್ಕೆ ಇಳಿಯಿತು ಎಂದುಕೊಳ್ಳೋಣ. ಮೂತ್ರಕ್ಕೆ ಸಕ್ಕರೆ ಹೋಗುವುದು ನಿಂತಿತು, ರಾತ್ರಿ ನಾಲ್ಕು ಸಲ ಏಳುವುದು ತಪ್ಪಿತು, ನೀರಡಿಕೆಯೂ ಹೋಯಿತು. ಗುಣವಾಯಿತೆಂದು ಆತ ತಿಳಿದದ್ದರಲ್ಲಿ ದಡ್ಡತನವೇನೂ ಇಲ್ಲ, ತನಗೆ ಕಂಡ ಸಾಕ್ಷಿಯನ್ನು ನಂಬಿದ್ದಾನೆ. ಆದರೆ ಬರಿಹೊಟ್ಟೆಯಲ್ಲಿ 126 ತಲುಪಿದರೇ ವೈದ್ಯರು ಅದನ್ನು ಸಕ್ಕರೆ ರೋಗವೆಂದು ಪರಿಗಣಿಸುತ್ತಾರೆ. ಅಲ್ಲಿಂದ 180ರವರೆಗೆ ದೇಹ ಯಾವ ಸುಳಿವನ್ನೂ ಕೊಡದಿರಬಹುದು. ಕೋಡಿ ಹರಿಯುವುದು ನಿಂತಿತೆಂದರೆ ಕೆರೆ ಬತ್ತಿತೆಂದು ನಮ್ಮ ಭಾಗದ ಯಾವ ರೈತನೂ ಹೇಳುವುದಿಲ್ಲ. ‘ಎಷ್ಟು ಹೇಳಿದರೂ ಕೇಳುವುದಿಲ್ಲ’ ಎಂದಿರಲ್ಲ, ಇದನ್ನು ಹೇಳಿ ನೋಡಿದ್ದೀರಾ? ‘ಬಿಡಬೇಡಿ’ ಎಂದು ಆಜ್ಞೆ ಮಾಡುವುದು ಬೇರೆ, ಯಾಕೆ ಬಿಡಬಾರದು ಎಂದು ತೋರಿಸುವುದು ಬೇರೆ.

ಆ ಸದ್ದಿಲ್ಲದ ವರ್ಷಗಳಲ್ಲಿ ಒಳಗೆ ನಡೆಯುವುದನ್ನೂ ಬರೆಯಿರಿ. ಕಣ್ಣಿನ ಅಕ್ಷಿಪಟಲದ ಸಣ್ಣ ರಕ್ತನಾಳಗಳು ಸೋರತೊಡಗುತ್ತವೆ. ಮೂತ್ರಪಿಂಡದ ಸೋಸುವ ಪೊರೆ ಹಾಳಾಗಿ ಪ್ರೋಟೀನ್ ಹೊರಹೋಗುತ್ತದೆ, ಅದು ನಿಜವಾಗಿ ಕೆಡುವುದು ಆಗ. ಪಾದದ ನರಗಳು ಸ್ಪರ್ಶ ಕಳೆದುಕೊಳ್ಳುತ್ತವೆ. ಎರೆಹೊಲದಲ್ಲಿ ಬರಿಗಾಲಲ್ಲಿ ತೊಗರಿ ಕೊಯ್ಯುವವನಿಗೆ ಜಾಲಿಮುಳ್ಳು ನೆಟ್ಟದ್ದು ತಿಳಿಯುವುದಿಲ್ಲ, ಅಂಗಾಲು ಕೀತು ವಾಸನೆ ಬಂದಾಗ ಮನೆಯವರು ನೋಡುತ್ತಾರೆ. ನೀವು ಐದು ಉಪಶೀರ್ಷಿಕೆಗಳಲ್ಲಿ ಹಂಚಿದ ಅಂಗಗಳಲ್ಲಿ ಬಹುಪಾಲು ಈ ಒಂದೇ ರೋಗದ ದಾರಿಯಲ್ಲಿ ತಾವಾಗಿಯೇ ಬಂದವು, ನೋಡಿ.

ಡೆಂಗಿಯ ಭಾಗವನ್ನಂತೂ ನಾನು ಅಚ್ಚು ಹಾಕಿಸಲಾರೆ. ‘ಜ್ವರ ಇಳಿದ ನಂತರ ಭಯಪಡುವ ಅಗತ್ಯವಿಲ್ಲ’ ಎಂಬ ನಿಮ್ಮ ವಾಕ್ಯವನ್ನು ಓದಿ ಯಾರಾದರೂ ಆಸ್ಪತ್ರೆಗೆ ಹೋಗುವುದನ್ನು ಒಂದು ದಿನ ಮುಂದೂಡಿದರೆ ಜೀವಕ್ಕೆ ಎರವಾದೀತು. ಡೆಂಗಿಯಲ್ಲಿ ಅಪಾಯದ ಹೊತ್ತು ಶುರುವಾಗುವುದೇ ಜ್ವರ ಬಿಡುವಾಗ, ಸಾಮಾನ್ಯವಾಗಿ ಮೂರನೆಯ ದಿನದಿಂದ ಏಳನೆಯ ದಿನದ ನಡುವೆ. ಕೆಲವರಲ್ಲಿ ಆಗ ಸಣ್ಣ ರಕ್ತನಾಳಗಳ ಒಳಪದರ ಬಿಗುವು ಕಳೆದುಕೊಂಡು, ರಕ್ತದ ದ್ರವಭಾಗ ಎದೆಗೂಡಿಗೂ ಹೊಟ್ಟೆಗೂ ಜಿನುಗುತ್ತದೆ. ನಾಳದಲ್ಲಿ ಉಳಿದ ರಕ್ತ ಮಂದವಾಗುತ್ತದೆ, ಒತ್ತಡ ಕುಸಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ. ಈ ಸೋರಿಕೆ ಒಂದೆರಡು ದಿನ ಇರುತ್ತದೆ. ಮನೆಯವರೋ ಹಣೆ ಮುಟ್ಟಿ ನೋಡಿ, ತಣ್ಣಗಿದೆ ಎಂದು ನೆಮ್ಮದಿಯಾಗುತ್ತಾರೆ. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಿನಿಂದ ರಕ್ತ, ಮಂಕು, ಇವುಗಳನ್ನು ನೋಡಬೇಕಾದದ್ದು ಆಗಲೇ. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಎಷ್ಟಿದೆ ಎಂದು ಕೇಳುವುದು ಈಗ ಎಲ್ಲರಿಗೂ ಅಭ್ಯಾಸವಾಗಿದೆ. ಸೋರಿಕೆಯ ಬಗ್ಗೆ ಯಾರೂ ಕೇಳುವುದಿಲ್ಲ. ಪಪ್ಪಾಯಿ ಎಲೆಯ ರಸದ ಪ್ಯಾರಾ ತೆಗೆದು ಈ ಸಂಗತಿಯನ್ನು ಹಾಕಿ. ಜ್ವರಕ್ಕೆಂದು ಐಬುಪ್ರೊಫೆನ್, ಆಸ್ಪಿರಿನ್ ಕೇಳುವವರಿಗೆ ಡೆಂಗಿಯ ಶಂಕೆ ಇರುವಾಗ ಅವನ್ನು ಏಕೆ ಕೊಡಬಾರದು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದನ್ನೂ ಬರೆಯಿರಿ.

ವಾಂತಿಭೇದಿಯ ವಿಷಯದಲ್ಲಿ ಓಆರ್‌ಎಸ್ (ಉಪ್ಪು, ಸಕ್ಕರೆ ಬೆರೆಸಿದ ನೀರು) ಕುಡಿಯಿರಿ ಎಂದಷ್ಟೇ ಬರೆದಿದ್ದೀರಿ. ತಾಯಂದಿರು ಎರಡು ಲೋಟ ಕುಡಿಸಿ, ಭೇದಿ ನಿಲ್ಲಲಿಲ್ಲವೆಂದು ಬಿಟ್ಟು, ಸಲೈನ್ ಹಚ್ಚಿಸಲು ಓಡುತ್ತಾರೆ. ಓಆರ್‌ಎಸ್ ಭೇದಿಯನ್ನು ನಿಲ್ಲಿಸುವ ಔಷಧವಲ್ಲ, ಹೋದ ನೀರನ್ನು ತುಂಬಿಕೊಡುವಂಥದ್ದು. ಕಾಲರಾದ ವಿಷ ಕರುಳಿನ ಕೋಶಗಳಿಂದ ಉಪ್ಪುನೀರನ್ನು ಹೊರಹಾಕಿಸುತ್ತಿದ್ದರೂ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಬರುವ ದಾರಿ ಕೆಟ್ಟಿರುವುದಿಲ್ಲ, ಅವುಗಳ ಹಿಂದೆ ನೀರು ಬರುತ್ತದೆ. ಸಕ್ಕರೆಯನ್ನು ರುಚಿಗೆಂದು ಹಾಕುವುದಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಇದನ್ನೇ ನಂಬಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಸುಮಾರು ಶೇ 30ರಷ್ಟಿದ್ದ ಸಾವು ಶೇ 4ರ ಒಳಗೆ ಇಳಿಯಿತು. ಇಂಥ ಒಂದು ಪ್ರಸಂಗ ನಿಮ್ಮ ‘ಮುನ್ನೆಚ್ಚರಿಕೆಗಳು’ ಪಟ್ಟಿ ಮಾಡಲಾಗದ ಕೆಲಸವನ್ನು ಮಾಡುತ್ತದೆ.

ಇನ್ನು, ನೀವು ಚೆನ್ನಾಗಿ ಬರೆದಿರುವ ಭಾಗ. ಚಳಿಜ್ವರ ದಿನ ಬಿಟ್ಟು ದಿನ ಯಾಕೆ ಬರುತ್ತದೆ ಎಂಬುದನ್ನು ನಾಲ್ಕು ಸಾಲಿನಲ್ಲಿ ಹೇಳಿದ್ದೀರಿ: ಮಲೇರಿಯಾದ ಪರಾವಲಂಬಿಗಳು ಕೆಂಪು ರಕ್ತಕಣಗಳಲ್ಲಿ ಒಟ್ಟಿಗೆ ಬೆಳೆದು, 48 ಗಂಟೆಗೊಮ್ಮೆ ಒಟ್ಟಿಗೆ ಕಣಗಳನ್ನು ಒಡೆದು ಹೊರಬರುತ್ತವೆ, ನಡುಕ ಹುಟ್ಟುವುದು ಆ ಹೊತ್ತಿಗೆ. ಇಡೀ ಲೇಖನ ಈ ನಾಲ್ಕು ಸಾಲಿನಂತಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ. ಅದಕ್ಕೆ ಇತಿಹಾಸದ ಒಂದು ಸಾಲು ಬೇಕಿದ್ದರೆ ದೂರ ಹೋಗಬೇಡಿ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಕಂಡದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ನಮ್ಮ ಸೀಮೆಯೂ ಆಗ ಅದೇ ನಿಜಾಮರ ರಾಜ್ಯದಲ್ಲಿತ್ತು. ಇದು ಸಿಕ್ಕ ಮೇಲೆ ‘ಆರೋಗ್ಯವೇ ಭಾಗ್ಯ’ ಎಂದು ಶುರುವಾಗಿ ಚರಕ, ಸುಶ್ರುತರನ್ನು ನೆನೆಯುವ ಮೊದಲ ಪುಟದ ಅಗತ್ಯವೇನು? ದೇಹವೊಂದು ಅದ್ಭುತ ಯಂತ್ರ ಎಂಬ ಮಾತಿನೊಡನೆ ಅದನ್ನೂ ಹೊಡೆದುಹಾಕಿದ್ದೇನೆ.

ಬಿ.ಪಿ. ಬಗ್ಗೆ ಒಂದು ಪ್ಯಾರಾ ಸಾಕು. ತಲೆನೋವು ಬಂದ ದಿನ ಮಾತ್ರ ಗುಳಿಗೆ ನುಂಗುವವರನ್ನು ನೀವು ದಿನವೂ ನೋಡುತ್ತಿರಬಹುದು. ಒತ್ತಡ ಏರಿದ ಬಹುತೇಕರಿಗೆ ಏನೂ ಅನ್ನಿಸುವುದಿಲ್ಲ ಎಂಬುದೇ ಅಲ್ಲಿ ಹೇಳಬೇಕಾದದ್ದು. ರಕ್ತಹೀನತೆಗೆ ಕಬ್ಬಿಣಾಂಶದ ಗುಳಿಗೆ ಒಯ್ದವರು ಮಲ ಕಪ್ಪಾಯಿತೆಂದು ಹೆದರಿ ಬಿಡುವುದು, ಗುಳಿಗೆಯ ಬೆನ್ನಿಗೇ ಚಹಾ ಕುಡಿದು ಅದರ ಬಲ ತಗ್ಗಿಸುವುದು, ಇವೂ ಅದೇ ಸಾಲಿಗೆ ಸೇರುತ್ತವೆ. ಯಾದಗಿರಿ ಜಿಲ್ಲೆಯ ಕೊಳವೆಬಾವಿಗಳ ಫ್ಲೋರೈಡ್ ನೀರು, ಅದರಿಂದ ಹಲ್ಲು ಕಂದಾಗಿ ಮೂಳೆ, ಕೀಲು ಬಿರುಸಾಗುವುದನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಅದನ್ನು ಈ ಲೇಖನದಿಂದ ತೆಗೆದಿಡಿ. ವರ್ಷಗಟ್ಟಲೆ ಕೀಲುನೋವಿಗೆ ಗುಳಿಗೆ ಒಯ್ದವರನ್ನು ಕಂಡ ನೀವು ಅದರ ಬಗ್ಗೆ ಬೇರೆಯೇ ಲೇಖನ ಬರೆಯಬಲ್ಲಿರಿ, ಅದನ್ನು ನಾನು ಕೇಳಿ ಪಡೆಯುತ್ತೇನೆ.

ಕೊನೆಯ ಪುಟದ ಅಮೃತಬಳ್ಳಿ ಕಷಾಯ ಸಕ್ಕರೆ ರೋಗವನ್ನು ‘ಬೇರುಸಹಿತ’ ತೆಗೆಯುತ್ತದೆಂಬ ಮಾತು ಬೇಡ. ಅಂಗಡಿಯ ಗಲ್ಲೆಯ ಹಿಂದೆ ನಿಂತು ನೀವೇ ಅದನ್ನು ಹೇಳುವುದಿಲ್ಲವೆಂದು ನನ್ನ ನಂಬಿಕೆ, ಹಾಗಿದ್ದರೆ ಬರವಣಿಗೆಯಲ್ಲಿ ಏಕೆ ಬಂತು?

ಹೊಸ ಲೇಖನವನ್ನು ನೀರಡಿಕೆ ನಿಂತವನಿಂದ ಶುರು ಮಾಡಿ, ಎಂಟುನೂರು ಪದ ದಾಟಬೇಡಿ. ವಿವರವಾಗಿ ಬರೆಯಲು ರೋಗ ಮೂರು ಸಾಕು: ಸಕ್ಕರೆ, ಡೆಂಗಿ, ವಾಂತಿಭೇದಿ. ಕಳಿಸುವ ಮೊದಲು ನಿಮಗೆ ಪರಿಚಯದ ವೈದ್ಯರೊಬ್ಬರಿಗೆ ಓದಲು ಕೊಡಿ, ಅವರು ತಿದ್ದಿದ ಪ್ರತಿಯನ್ನೂ ಜೊತೆಗಿಡಿ. ಗುಳಿಗೆಗಳ ಕಂಪನಿ ಹೆಸರು, ಪ್ರಮಾಣ ಯಾವುದೂ ಬೇಡ. ಗಿರಾಕಿಗಳ ಹೆಸರು, ಊರು, ಓಣಿ ಯಾವುದೂ ಬರಬಾರದು. ಶಹಾಪುರದಂಥ ಊರಿನಲ್ಲಿ ವಯಸ್ಸು, ಕಸುಬು ಎರಡನ್ನು ಹೇಳಿದರೂ ಆ ಮನುಷ್ಯ ಯಾರೆಂದು ಗೊತ್ತಾಗಿಬಿಡುತ್ತದೆ. ಆದ್ದರಿಂದ ಅವುಗಳಲ್ಲಿ ಒಂದನ್ನಾದರೂ ಬಿಡಿ.

ಸಂಪಾದಕ
ಕಲಬುರಗಿ