ಗ್ಯಾಸೋ, ಇಂಡಕ್ಷನ್ನೋ? ರೊಟ್ಟಿಯನ್ನೂ ಒಂದು ಮಾತು ಕೇಳಿ

ಪ್ರಶ್ನೆ: ನಮ್ಮ ಹಳೇ ಫ್ಲ್ಯಾಟಿನ ಅಡುಗೆಮನೆ ಒಡೆದು ಹೊಸದಾಗಿ ಮಾಡಿಸುತ್ತಿದ್ದೇವೆ. ಪೈಪ್ ಗ್ಯಾಸ್ ಇದೆ. ಯಜಮಾನರು ಅದನ್ನು ತೆಗೆಸಿ ಪೂರ್ತಿ ಇಂಡಕ್ಷನ್ ಹಾಕಿಸೋಣ, ಖರ್ಚೂ ಕಡಿಮೆ ಅಂತಾರೆ. ಅತ್ತೆ ವಿಜಯಪುರದ ಕಡೆಯವರು. ಜೋಳದ ರೊಟ್ಟಿಗೆ ಬೆಂಕಿ ಬೇಕೇ ಬೇಕು ಅಂತ ಮುನಿಸಿಕೊಂಡಿದ್ದಾರೆ. ನೀವೇ ತೀರ್ಮಾನ ಹೇಳಿ.
— ಓದುಗರೊಬ್ಬರು, ಮುಲುಂಡ್

ಉತ್ತರ: ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ ತಂಗಿ. ಪೈಪ್ ತೆಗೆಸಬೇಡಿ. ಬೇಕಿದ್ದರೆ ಒಂದು ಒಲೆಯ ಇಂಡಕ್ಷನ್ ತಂದು ಪಕ್ಕಕ್ಕಿಡಿ. ನಮ್ಮ ಮನೆಯಲ್ಲಿ ಎರಡೂ ಇವೆ, ಹಾಗಾಗಿ ನಾನು ಯಾರ ಪಕ್ಷವೂ ಅಲ್ಲ.

ಅತ್ತೆಯವರದ್ದು ಸುಮ್ನೆ ಹಟ ಅಂತ ತಿಳಿಯಬೇಡಿ. ನಾನೇ ಮಾಡಿ ನೋಡಿದ್ದೇನೆ. ಕಬ್ಬಿಣದ ಹಂಚು ಇಂಡಕ್ಷನ್ ಮೇಲೆ ಚೆನ್ನಾಗಿಯೇ ಕಾಯುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ಗಾಜಿನ ಕೆಳಗಿನ ಸುರುಳಿ ಒಂದು ಸಣ್ಣ ತಟ್ಟೆಯಷ್ಟಿರುತ್ತದೆ, ನಮ್ಮ ರೊಟ್ಟಿ ಅದಕ್ಕಿಂತ ದೊಡ್ಡದು. ಬಡಿದ ರೊಟ್ಟಿ ಹಾಕಿ, ಮೇಲೆ ನೀರಿನ ಬಟ್ಟೆ ಎಳೆದು, ನೀರು ಆರಿದ ಮೇಲೆ ತಿರುವಿ ಹಾಕಿದೆ. ನಡುವೆ ಕಪ್ಪು ಚುಕ್ಕೆ ಬಿತ್ತು, ಅಂಚು ಮಾತ್ರ ಬೆಳ್ಳಗೆ ಹಸಿಹಸಿ. ಬಟ್ಟೆಯಿಂದ ಒತ್ತಿದರೆ ಒಂದು ಕಡೆ ಉಬ್ಬುತ್ತದೆ, ಇನ್ನೊಂದು ಕಡೆ ಹಪ್ಪಳದ ಹಾಗೆ ಚಪ್ಪಟೆ. ಗ್ಯಾಸಿನಲ್ಲಾದರೆ ಅಂಚನ್ನು ಉರಿಗೆ ಹಿಡಿದು ಒಂದು ಸುತ್ತು ತಿರುಗಿಸಿದರೆ ಆಯಿತು. ಇಲ್ಲಿ ಹಿಡಿಯಲು ಉರಿಯೇ ಇಲ್ಲವಲ್ಲ! ಹಂಚನ್ನು ಆಗಾಗ ಸರಿಸುತ್ತಾ ಬೇಯಿಸಬಹುದು, ಆದರೆ ಅಷ್ಟು ತೂಕದ ಹಂಚನ್ನು ಗಾಜಿನ ಮೇಲೆ ಎಳೆದರೆ ಗೀರು ಬೀಳುತ್ತದೆ. ಎತ್ತಿ ಇಡಬೇಕು, ಎತ್ತಿದ ತಕ್ಷಣ ಅದು ಕೀಂಯ್ ಕೀಂಯ್ ಅಂತ ಕೂಗಲು ಶುರು ಮಾಡುತ್ತದೆ. ಹನ್ನೆರಡು ರೊಟ್ಟಿ ಮಾಡುವಷ್ಟರಲ್ಲಿ ನನಗೆ ತಲೆ ಕೆಟ್ಟುಹೋಗಿತ್ತು. ಬದನೆಕಾಯಿ ಸುಡುವುದು, ಹಪ್ಪಳ ಸುಡುವುದು ಇವೆಲ್ಲ ಹೇಗೂ ಬೆಂಕಿಯ ಕೆಲಸವೇ.

ಇನ್ನು ಖರ್ಚು. ನಿಮ್ಮ ಗ್ಯಾಸ್ ಬಿಲ್ ತೆಗೆದು ನೋಡಿ, ಎಸ್‌ಸಿಎಂ ಅಂತ ಲೆಕ್ಕ ಇರುತ್ತದೆ, ಅಂದರೆ ಒಂದು ಘನ ಮೀಟರ್ ಗ್ಯಾಸ್. ಅದರಲ್ಲಿ ಹತ್ತಿರ ಹತ್ತಿರ 10 ಯೂನಿಟ್ ಕರೆಂಟಿನಷ್ಟು ಶಾಖ ಇದೆ. ಗ್ಯಾಸ್ ಒಲೆಯಲ್ಲಿ ಇದರ ಸುಮಾರು 60 ಪರ್ಸೆಂಟ್ ಮಾತ್ರ ಪಾತ್ರೆಗೆ ಸೇರುತ್ತದೆ, ಉಳಿದದ್ದು ಗೋಡೆಗೆ, ಕಿಟಕಿಗೆ, ಮೇ ತಿಂಗಳಲ್ಲಿ ನಮ್ಮ ಮುಖಕ್ಕೆ. ಇಂಡಕ್ಷನ್ ತಾನು ಎಳೆದ ಕರೆಂಟಿನಲ್ಲಿ 80-85 ಪರ್ಸೆಂಟ್ ಪಾತ್ರೆಗೇ ಕೊಡುತ್ತದೆ. ಎರಡನ್ನೂ ಸೇರಿಸಿ ನೋಡಿದರೆ 1 ಎಸ್‌ಸಿಎಂ ಮಾಡುವ ಕೆಲಸಕ್ಕೆ ಸುಮಾರು 7 ಯೂನಿಟ್ ಕರೆಂಟ್ ಬೇಕು. ಒಂದು ಎಸ್‌ಸಿಎಂ ದರ ಒಂದು ಕಡೆ ಬರೆಯಿರಿ, ಏಳು ಯೂನಿಟ್ಟಿನ ದರ ಇನ್ನೊಂದು ಕಡೆ. ಆದರೆ ಬಿಲ್ಲಿನ ಮೊದಲ ಸಾಲಿನ ದರ ಹಿಡಿಯಬೇಡಿ. ಮುಲುಂಡಿಗೆ ಕರೆಂಟ್ ಬರುವುದು ಮಹಾವಿತರಣದಿಂದ. ಅಲ್ಲಿ ತಿಂಗಳಿಗೆ 100 ಯೂನಿಟ್ ದಾಟಿದರೆ ಒಂದು ದರ, 300 ದಾಟಿದರೆ ಇನ್ನೂ ಜಾಸ್ತಿ, 500ರ ಮೇಲೆ ಮತ್ತೂ ಜಾಸ್ತಿ. ಫ್ರಿಜ್ಜು, ಏಸಿ, ಗೀಸರ್ ಎಲ್ಲ ಮೊದಲೇ ಕೂತಿರುತ್ತವೆ, ಒಲೆಯ ಯೂನಿಟ್ ಅವುಗಳ ತಲೆಯ ಮೇಲೆ ಹೋಗಿ ಕೂರುತ್ತದೆ. ನನ್ನ ಬಿಲ್ಲುಗಳಲ್ಲಂತೂ ಪೈಪ್ ಗ್ಯಾಸೇ ಅಗ್ಗ. ನಿಮ್ಮ ಯಜಮಾನರಿಗೂ ಕ್ಯಾಲ್ಕುಲೇಟರ್ ಕೊಟ್ಟು ಕೂರಿಸಿ.

ಇನ್ನೊಂದು ನೆನಪಿದೆಯಾ, 2020ರ ಅಕ್ಟೋಬರ್ 12? ಬೆಳಗ್ಗೆ ಹತ್ತರ ಸುಮಾರಿಗೆ ಮುಂಬೈ, ಠಾಣೆ ಪೂರ್ತಿ ಕರೆಂಟ್ ಹೋಗಿ ಲೋಕಲ್ ಟ್ರೈನೂ ನಿಂತಿತ್ತು. ಪೈಪ್ ಗ್ಯಾಸ್ ಇದ್ದವರ ಮನೆಯಲ್ಲಿ ಅನ್ನ ಸಾರಿಗೆ ತೊಂದರೆ ಆಗಲಿಲ್ಲ. ನಮ್ಮ ಮಹಡಿಯಲ್ಲಿ ಬರೀ ಇಂಡಕ್ಷನ್ ನಂಬಿದ್ದ ಒಂದು ಜೋಡಿ ಅವತ್ತು ನಮ್ಮಲ್ಲೇ ಊಟ ಮಾಡಿತು, ಪಾಪ.

ಹಾಗಂತ ಇಂಡಕ್ಷನ್ ದಂಡ ಅಲ್ಲ. ಹಾಲು ಕಾಯಿಸಲು, ಬೇಳೆ ಬೇಯಿಸಲು, ಚಹಾಕ್ಕೆ ಅದೇ ವಾಸಿ. ಟೈಮರ್ ಇಟ್ಟು ಹೋಗಿ ಬಟ್ಟೆ ಒಣಹಾಕಿ ಬರಬಹುದು. ಒಗ್ಗರಣೆಗೆ ಮಾತ್ರ ಹುಷಾರು. ನೀವು ಕರಿಬೇವು ಹುಡುಕುವಷ್ಟರಲ್ಲಿ ಸಾಸಿವೆ ಕರ್ರಗಾಗಿರುತ್ತದೆ. ಗೋಡೆ ಒಡೆಯುತ್ತಿರುವಾಗಲೇ ಕಟ್ಟೆಯ ಹತ್ತಿರ 16 ಆಂಪಿಯರಿನ ಒಂದು ಪಾಯಿಂಟು ಬೇರೆ ವೈರ್ ಎಳೆಸಿ ಹಾಕಿಸಿಕೊಳ್ಳಿ. ಆಮೇಲೆ ಟೈಲ್ಸ್ ಒಡೆಸುವುದು ಯಾರಿಗೆ ಬೇಕು?

ಪ್ರಶ್ನೆ: ಹಿಂಜವಡಿಯ ರೂಮಿಗೆ ಊರಿಂದ ಅಮ್ಮನ ಕುಕ್ಕರ್ ತಂದೆ. ಹೊಸ ಇಂಡಕ್ಷನ್ ಮೇಲೆ ಇಟ್ಟರೆ ಕೂಗಿ ಆಫ್ ಆಗುತ್ತದೆ. ಒಲೆಯೇ ಹಾಳಾಗಿ ಬಂದಿದೆಯಾ?
— ಪುಣೆಯ ಓದುಗ

ಉತ್ತರ: ಒಲೆ ಸರಿ ಇದೆ ತಮ್ಮಾ, ಕುಕ್ಕರ್ ಅಲ್ಯೂಮಿನಿಯಂದು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ತಂದು ತಳಕ್ಕೆ ಹಿಡಿದು ನೋಡು. ಅಂಟಿದರೆ ನಡೆಯುತ್ತದೆ, ಬಿದ್ದರೆ ಇಲ್ಲ. ಈ ಒಲೆ ತಾನು ಬಿಸಿಯಾಗುವುದಿಲ್ಲ, ಪಾತ್ರೆಯ ತಳವನ್ನೇ ಬಿಸಿ ಮಾಡುತ್ತದೆ, ಅದಕ್ಕೆ ತಳದಲ್ಲಿ ಕಬ್ಬಿಣದ ಗುಣ ಬೇಕು. ಸ್ಟೀಲಿನಲ್ಲೂ ಕೆಲವು ಅಂಟುವುದಿಲ್ಲ, ಅಂಗಡಿಗೆ ಮ್ಯಾಗ್ನೆಟ್ ಕಿಸೆಯಲ್ಲಿಟ್ಟುಕೊಂಡೇ ಹೋಗು. ಅಮ್ಮನ ಕುಕ್ಕರೇ ಬೇಕೆಂದರೆ ಇನ್‌ಫ್ರಾರೆಡ್ ಒಲೆ ಸಿಗುತ್ತದೆ, ಅದಕ್ಕೆ ಪಾತ್ರೆಯ ಭೇದವಿಲ್ಲ, ಆದರೆ ಆಫ್ ಮಾಡಿದ ಮೇಲೂ ಬಹಳ ಹೊತ್ತು ಸುಡುತ್ತದೆ. ಇನ್ನೊಂದು ಮಾತು. ಮೊಬೈಲ್ ಚಾರ್ಜ್ ಮಾಡುವ ಎಕ್ಸ್‌ಟೆನ್ಶನ್ ಬೋರ್ಡಿಗೆ ಇದನ್ನು ಸಿಕ್ಕಿಸಿದ್ದೀಯಾ? ನಿನ್ನದು 2000 ವಾಟ್ ಒಲೆಯಾದರೆ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ, ಆ ಸಣ್ಣ ಪಿನ್ನಿನ ಬೋರ್ಡು 6 ಆಂಪಿಯರಿಗೆ ಮಾಡಿದ್ದು. ಇವತ್ತೇ ತೆಗೆ.

ಪ್ರಶ್ನೆ: ಗ್ಯಾಸ್ ಒಲೆಯಿಂದ ಶ್ವಾಸಕ್ಕೆ ಕೆಟ್ಟದ್ದು ಅಂತ ಅಮೆರಿಕದಿಂದ ಮಗ ಫೋನ್ ಮಾಡಿ ಹೆದರಿಸುತ್ತಾನೆ. ನಲವತ್ತು ವರ್ಷದಿಂದ ಇದರಲ್ಲೇ ಮಾಡುತ್ತಿದ್ದೇನೆ. ನಮ್ಮವರಿಗೆ ಪೇಸ್‌ಮೇಕರ್ ಹಾಕಿದ್ದಾರೆ, ಇಂಡಕ್ಷನ್ ತರಲೂ ಭಯ.
— ಓದುಗರೊಬ್ಬರು, ಮಡಗಾಂವ್

ಉತ್ತರ: ಮಗ ಸುಳ್ಳು ಹೇಳುತ್ತಿಲ್ಲ ಅಕ್ಕಾ. ಗ್ಯಾಸ್ ಉರಿದಾಗ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ, ಆಸ್ತಮಾ ಇದ್ದವರಿಗೆ ಅದು ಒಳ್ಳೆಯದಲ್ಲ. ಅಲ್ಲಿ ಇದು ದೊಡ್ಡ ಜಗಳ. ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರು 2019ರಲ್ಲಿ ಹೊಸ ಕಟ್ಟಡಗಳಿಗೆ ಗ್ಯಾಸ್ ಪೈಪೇ ಬೇಡ ಅಂತ ನಿಯಮ ಮಾಡಿತ್ತು, 2023ರಲ್ಲಿ ಕೋರ್ಟು ಅದನ್ನು ತಳ್ಳಿಹಾಕಿತು. ಆದರೆ ಚಳಿಗೆ ಕಿಟಕಿ ಮುಚ್ಚಿಕೊಂಡು ಕೂರುವ ಮನೆಗೂ ನಿಮ್ಮ ಮನೆಗೂ ವ್ಯತ್ಯಾಸ ಇದೆ ಅಲ್ವಾ? ಕಿಟಕಿ ತೆಗೆದಿಡಿ, ಎಕ್ಸಾಸ್ಟ್ ಹಾಕಿ. ಬಂಗಡೆ ಹುರಿದ ಹೊಗೆ ಯಾವ ಒಲೆಯಲ್ಲೂ ಬರುತ್ತದೆ, ಇಂಡಕ್ಷನ್ ತಂದರೆ ಎಕ್ಸಾಸ್ಟ್ ಬೇಡ ಅಂತೇನಿಲ್ಲ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಹರಡಿಕೊಂಡಿರುತ್ತದೆ. ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆಗೆಯಿರಿ, ಫ್ಯಾನಿನ ಸ್ವಿಚ್ಚಿಗೂ ಕೈ ಹಾಕಬೇಡಿ.

ಮುಲುಂಡಿನವರಿಗೆ ಹೇಳಿದ ಲೆಕ್ಕ ನಿಮಗೆ ಬೇರೆ. 14.2 ಕೆಜಿ ಸಿಲಿಂಡರಿನ ಅಡುಗೆಗೆ ಇಂಡಕ್ಷನ್ನಿನಲ್ಲಿ ಸುಮಾರು 130-140 ಯೂನಿಟ್ ಬೇಕು, ಗೋವಾದ ಕರೆಂಟ್ ದರ ಮುಂಬೈಗಿಂತ ಕಡಿಮೆ. ಹಾಗಾಗಿ ನಿಮಗೆ ಲಾಭವೇ ಆಗಬಹುದು. ಪೇಸ್‌ಮೇಕರ್ ಇದ್ದವರು ಉರಿಯುತ್ತಿರುವ ಇಂಡಕ್ಷನ್ನಿನಿಂದ ಎರಡು ಅಡಿ ದೂರ ಇರಬೇಕು ಅಂತ ಹೇಳುತ್ತಾರೆ, ಆದರೂ ತರುವ ಮೊದಲು ಅವರ ಡಾಕ್ಟರನ್ನೇ ಕೇಳಿ. ಚಹಾ ಅವರೇ ಮಾಡಿಕೊಳ್ಳುವವರಾದರೆ ಆ ಕೆಲಸ ಗ್ಯಾಸಿನಲ್ಲೇ ಇರಲಿ.